ಪದವಿಯಲ್ಲಿ ಮನಃಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಗಳಿಗೆ ಮನಃಶಾಸ್ತ್ರ ಕಲಿಸುವ ನನ್ನ ಬಳಿ ಪಿಯುಸಿ ಫಲಿತಾಂಶ ಬಂದ ವಾರದಿಂದ ಪ್ರವೇಶದ ಕೊನೆಯ ದಿನದವರೆಗೆ ವಿದ್ಯಾರ್ಥಿಗಳೂ ಪಾಲಕರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಸೇರಿದ ಮೇಲೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು ಬೇರೆ. ಎರಡನ್ನೂ ಅವರವರ ಮಾತಿನಲ್ಲಿಯೇ ಇಲ್ಲಿ ಕೊಟ್ಟು ಉತ್ತರಿಸಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಸೇರುವ ಮೊದಲು

ಮನಃಶಾಸ್ತ್ರ ಓದಿದರೆ ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಮುಖ ನೋಡಿ ಮನಸ್ಸು ಹೇಳುವ ವಿದ್ಯೆ ಇದಲ್ಲ. ಮನುಷ್ಯರ ವರ್ತನೆಯನ್ನೂ ಅದರ ಹಿಂದೆ ನಡೆಯುವ ಮಾನಸಿಕ ಕ್ರಿಯೆಗಳನ್ನೂ ಅವಲೋಕನ, ಪ್ರಯೋಗ ಮತ್ತು ಅಳತೆಗಳ ಮೂಲಕ ಅಧ್ಯಯನ ಮಾಡುವ ವಿಜ್ಞಾನ ಇದು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದದ್ದನ್ನೇ ಈ ಶಾಸ್ತ್ರದ ಆರಂಭವೆಂದು ಎಣಿಸುವುದು ವಾಡಿಕೆ. ಅದಾದ ಆರು ವರ್ಷಕ್ಕೆ ಹರ್ಮನ್ ಎಬ್ಬಿಂಗ್‌ಹೌಸ್ ಮರೆವಿನ ಕುರಿತ ತನ್ನ ಅಧ್ಯಯನವನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಇಪ್ಪತ್ತು ನಿಮಿಷದ ಮೇಲೆ, ಒಂದು ದಿನದ ಮೇಲೆ, ಒಂದು ತಿಂಗಳ ಮೇಲೆ ಎಷ್ಟು ಉಳಿದಿದೆ ಎಂದು ಲೆಕ್ಕ ಇಟ್ಟವನು ಅವನು. ಕಲಿತದ್ದರಲ್ಲಿ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಜಾರಿಹೋಗುತ್ತದೆ, ಆಮೇಲೆ ಉಳಿದದ್ದು ನಿಧಾನವಾಗಿ ಕರಗುತ್ತದೆ ಎಂಬುದು ಅವನು ಕಂಡುಕೊಂಡ ಸಂಗತಿ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಎಲ್ಲರಿಗೂ ಇದರ ಅನುಭವವಿದೆ. ಆ ಅನುಭವವನ್ನು ಗಡಿಯಾರ ಹಿಡಿದು ಅಳೆಯಲು ಹೊರಟಾಗ ಶಾಸ್ತ್ರ ಹುಟ್ಟಿತು.

ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್, ಕೌನ್ಸೆಲರ್ ಎಲ್ಲ ಒಂದೇ ಅಲ್ಲವಾ?

ಅಲ್ಲ, ಅವರು ಓದಿ ಬರುವ ದಾರಿಗಳೇ ಬೇರೆ. ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು, ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ ಪಡೆದು, ರೋಗ ನಿರ್ಣಯಿಸಿ ಔಷಧ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನಃಶಾಸ್ತ್ರಜ್ಞರು, ಮನಃಶಾಸ್ತ್ರದ ದಾರಿಯಲ್ಲಿ ಬಂದು ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದವರು. ಮಾನಸಿಕ ಪರೀಕ್ಷೆಗಳನ್ನು ನಡೆಸುವುದು ಮತ್ತು ಮಾತಿನ ಮೂಲಕ ಚಿಕಿತ್ಸೆ ನೀಡುವುದು ಅವರ ಕೆಲಸ; ಔಷಧ ಬರೆಯುವುದಿಲ್ಲ. ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರು ಶಾಲೆ, ಕಾಲೇಜು, ಕುಟುಂಬ, ಉದ್ಯೋಗ ಮುಂತಾದ ನೆಲೆಗಳಲ್ಲಿ ನೆರವಾಗುವವರು. ಈ ಮೂವರೂ ಜೊತೆಯಾಗಿ ಕೆಲಸ ಮಾಡುವಲ್ಲಿ ರೋಗಿಗೆ ಹೆಚ್ಚು ಒಳ್ಳೆಯದಾಗುತ್ತದೆ. ಒಬ್ಬರನ್ನು ಮೇಲೆ, ಇನ್ನೊಬ್ಬರನ್ನು ಕೆಳಗೆ ಇಟ್ಟು ನೋಡುವ ಅಭ್ಯಾಸ ಬೇಡ.

ಪಿಯುಸಿಯಲ್ಲಿ ನಾನು ಸೈನ್ಸ್, ನನ್ನ ತಮ್ಮ ಕಾಮರ್ಸ್. ನಾವು ಸೇರಬಹುದಾ?

ಸಾಮಾನ್ಯವಾಗಿ ಬಿ.ಎ. ಮನಃಶಾಸ್ತ್ರಕ್ಕೆ ಯಾವ ವಿಭಾಗದವರೂ ಸೇರಬಹುದು. ಪಿಯುಸಿಯಲ್ಲಿ ಮನಃಶಾಸ್ತ್ರ ಓದಿರಬೇಕೆಂದೇನೂ ಇಲ್ಲ, ಮೊದಲ ಸೆಮಿಸ್ಟರ್ ಅನ್ನು ಹೊಸಬರನ್ನು ಮನಸ್ಸಿನಲ್ಲಿಟ್ಟೇ ರೂಪಿಸಿರುತ್ತಾರೆ. ಜೀವಶಾಸ್ತ್ರ ಓದಿದವರಿಗೆ ಮಿದುಳು ಮತ್ತು ನರಮಂಡಲದ ಅಧ್ಯಾಯ ಹಗುರಾಗುತ್ತದೆ. ಲೆಕ್ಕಪತ್ರ ಓದಿದವರು ಸಂಖ್ಯಾಶಾಸ್ತ್ರಕ್ಕೆ ಅಷ್ಟಾಗಿ ಬೆದರುವುದಿಲ್ಲ.

ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಬ್ಬರ ಮಾತೂ ಸುಳ್ಳಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯ ವ್ಯವಸ್ಥೆ ಬಂತು. 2024-25ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಪದವಿ ಜಾರಿಯಾಯಿತು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಕೋರ್ಸ್ ಇರಬಹುದು. ಹೊರರಾಜ್ಯದಲ್ಲಿ ಅಥವಾ ಹೊರದೇಶದಲ್ಲಿ ಮುಂದೆ ಓದುವ ಆಲೋಚನೆಯಿದ್ದರೆ ಅಲ್ಲಿ ಮೂರು ವರ್ಷದ ಪದವಿಯನ್ನು ಒಪ್ಪುತ್ತಾರೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಿ.

ಜೊತೆಗೆ ಯಾವ ವಿಷಯ ತೆಗೆದುಕೊಂಡರೆ ಒಳ್ಳೆಯದು?

ನಮ್ಮ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಮತ್ತು ಇಂಗ್ಲಿಷ್ ಜೊತೆಗಿನ ಸಂಯೋಜನೆ, ಸಮಾಜಶಾಸ್ತ್ರ ಮತ್ತು ಅರ್ಥಶಾಸ್ತ್ರ ಜೊತೆಗಿನ ಸಂಯೋಜನೆ ಹೆಚ್ಚು ಬಳಕೆಯಲ್ಲಿವೆ. ನನ್ನನ್ನು ಕೇಳಿದರೆ ಸಮಾಜಶಾಸ್ತ್ರ ಇರಲಿ ಎನ್ನುತ್ತೇನೆ. ಗಂಡನ ಕುಡಿತದಿಂದ ನಿದ್ದೆಗೆಟ್ಟ ಹೆಂಗಸಿನ ಸಂಕಟವನ್ನು ಅವಳೊಬ್ಬಳ ತಲೆಯೊಳಗೆ ಮಾತ್ರ ಹುಡುಕಿದರೆ ಅರ್ಧ ಸತ್ಯವಷ್ಟೇ ಸಿಗುತ್ತದೆ; ಮನೆ, ಜಾತಿ, ಸಾಲ, ದುಡಿಮೆ ಇವುಗಳನ್ನು ನೋಡುವ ಕಣ್ಣನ್ನು ಸಮಾಜಶಾಸ್ತ್ರ ಕೊಡುತ್ತದೆ.

ಕೆಲಸ ಮಾಡಿಕೊಂಡೇ ದೂರಶಿಕ್ಷಣದಲ್ಲಿ ಮನಃಶಾಸ್ತ್ರ ಓದಬಹುದಾ?

ಈಗ ಹೊಸದಾಗಿ ಸೇರುವವರಿಗೆ ಆ ದಾರಿ ಮುಚ್ಚಿದೆ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2025ರಲ್ಲಿ ಸೂಚಿಸಿತು. ಮನಃಶಾಸ್ತ್ರವೂ ಆ ಪಟ್ಟಿಯಲ್ಲಿದ್ದು, ಅದೇ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದ ಇದು ಅನ್ವಯವಾಗಿದೆ. ದುಡಿಯುತ್ತಲೇ ಓದಬೇಕೆಂದಿದ್ದ ಎಷ್ಟೋ ಮಂದಿಗೆ, ಅದರಲ್ಲೂ ಮಕ್ಕಳು ದೊಡ್ಡವರಾದ ಮೇಲೆ ಓದಲು ಹೊರಟ ಗೃಹಿಣಿಯರಿಗೆ, ಇದು ನೋವು ತಂದಿದೆ ಎಂಬುದನ್ನು ಬಲ್ಲೆ. ಆದರೂ ಪ್ರಯೋಗಾಲಯ ಮತ್ತು ಮೇಲ್ವಿಚಾರಣೆ ಇಲ್ಲದೆ ಈ ವಿಷಯವನ್ನು ಕಲಿಯುವುದು ಕಷ್ಟವೆಂಬುದೂ ನಿಜ. ಸಂಜೆ ಕಾಲೇಜುಗಳನ್ನು ವಿಚಾರಿಸಿ ನೋಡಿ. ಪ್ರವೇಶ ಕೊಡಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ, ಯುಜಿಸಿಯ ಸೂಚನೆಗಳನ್ನು ಓದದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

## ತರಗತಿಯಲ್ಲಿ, ಪ್ರಯೋಗಾಲಯದಲ್ಲಿ

ಅಷ್ಟೂ ವರ್ಷ ಏನೇನು ಓದಬೇಕಾಗುತ್ತದೆ?

ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಪತ್ರಿಕೆಗಳ ಹೆಸರು ಬದಲಾದರೂ ಸಾಗುವ ಹಾದಿ ಸುಮಾರಾಗಿ ಒಂದೇ. ಮೊದಲಿಗೆ ಸಂವೇದನೆ, ಗ್ರಹಿಕೆ, ಕಲಿಕೆ, ಸ್ಮೃತಿ, ಪ್ರೇರಣೆ, ಬುದ್ಧಿಶಕ್ತಿ, ವ್ಯಕ್ತಿತ್ವ ಎಂಬ ಮೂಲ ವಿಷಯಗಳು ಬರುತ್ತವೆ. ಆಮೇಲೆ ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆಯನ್ನು ನೋಡುವ ವಿಕಾಸ ಮನಃಶಾಸ್ತ್ರ ಮತ್ತು ಗುಂಪಿನಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂಬ ಸಾಮಾಜಿಕ ಮನಃಶಾಸ್ತ್ರ. ಕೊನೆಯ ವರ್ಷಕ್ಕೆ ಮಾನಸಿಕ ಕಾಯಿಲೆಗಳ ಬಗೆಗಿನ ಅಸಾಮಾನ್ಯ ಮನಃಶಾಸ್ತ್ರ, ಔದ್ಯೋಗಿಕ ಮನಃಶಾಸ್ತ್ರ, ಆಪ್ತಸಮಾಲೋಚನೆ ಇತ್ಯಾದಿ. ಹೆಚ್ಚಿನವರು ಅಸಾಮಾನ್ಯ ಮನಃಶಾಸ್ತ್ರದ ಆಸೆಯಿಂದ ಸೇರುತ್ತಾರೆ, ಅದು ಬರುವವರೆಗಿನ ಸೆಮಿಸ್ಟರ್‌ಗಳನ್ನು ಕಾಯುವ ಕೋಣೆಯಂತೆ ಕಳೆಯುತ್ತಾರೆ. ಹಾಗೆ ಮಾಡಬೇಡಿ. ಕಲಿಕೆಯ ಅಧ್ಯಾಯ ಗಟ್ಟಿಯಾಗದೆ ಭಯದ ಕಾಯಿಲೆ ಅರ್ಥವಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಋಣಾತ್ಮಕ ಪುನರ್ಬಲನವೆಂದರೆ ಶಿಕ್ಷೆ ಎಂದು ಪ್ರತಿ ವರ್ಷ ತರಗತಿಯ ಅರ್ಧದಷ್ಟು ಮಂದಿ ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾರೆ. ನಿಜವಾಗಿ ಅದು ಶಿಕ್ಷೆಗೆ ತದ್ವಿರುದ್ಧ: ಹಿಂಸೆ ಕೊಡುತ್ತಿದ್ದ ಒಂದು ಸಂಗತಿ ದೂರವಾದದ್ದರಿಂದ ಆ ವರ್ತನೆ ಬಲಗೊಳ್ಳುವುದು. ನಾಯಿಗೆ ಹೆದರುವ ಹುಡುಗಿ ನಾಯಿ ಇರುವ ಬೀದಿಯನ್ನು ಬಿಟ್ಟು ಬಳಸುದಾರಿ ಹಿಡಿಯುತ್ತಾಳೆ, ಎದೆ ಹಗುರಾಗುತ್ತದೆ. ಆ ಹಗುರವೇ ಅವಳನ್ನು ನಾಳೆಯೂ ಬಳಸುದಾರಿಗೆ ಕಳಿಸುತ್ತದೆ. ಹೀಗಾಗಿ ಭಯ ಎಂದಿಗೂ ಪರೀಕ್ಷೆಗೆ ಒಳಗಾಗದೆ ಹಾಗೆಯೇ ಉಳಿದುಬಿಡುತ್ತದೆ. ಭಯದ ವಸ್ತುವಿಗೆ ಮೆಲ್ಲಮೆಲ್ಲನೆ ಎದುರಾಗುವಂತೆ ಮಾಡುವ ಚಿಕಿತ್ಸೆ ಏಕೆ ಕೆಲಸ ಮಾಡುತ್ತದೆ ಎಂಬುದು ಈ ಒಂದು ಪದವನ್ನು ಸರಿಯಾಗಿ ತಿಳಿದುಕೊಂಡವರಿಗೆ ತಾನಾಗಿಯೇ ಹೊಳೆಯುತ್ತದೆ.

ಆರ್ಟ್ಸ್ ಅಂತ ಸೇರಿದೆ. ಇಲ್ಲೂ ಪ್ರಾಕ್ಟಿಕಲ್ಸ್, ರೆಕಾರ್ಡ್ ಬುಕ್ ಯಾಕೆ?

ಪ್ರಯೋಗಾಲಯವೇ ಈ ಪದವಿಯ ಜೀವಾಳ ಎಂದು ನಾನು ನಂಬಿದ್ದೇನೆ. ಕನ್ನಡಿ ನೋಡಿ ಚಿತ್ರ ತಿದ್ದುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಮೇಜಿನ ಮೇಲೆ ಜೋಡಿ ಗೆರೆಗಳಲ್ಲಿ ಬರೆದ ಒಂದು ನಕ್ಷತ್ರ ಇರುತ್ತದೆ. ಕೈಗೂ ಕಣ್ಣಿಗೂ ನಡುವೆ ಒಂದು ತಗಡಿನ ಮರೆ, ಎದುರಿಗೆ ನೆಟ್ಟಗೆ ನಿಲ್ಲಿಸಿದ ಕನ್ನಡಿ. ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯೊಳಗೆ ನೋಡುತ್ತಲೇ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೊದಲ ಸಲ ಎಲ್ಲರೂ ತಡವರಿಸುತ್ತಾರೆ. ನಕ್ಷತ್ರದ ಮೂಲೆಗೆ ಬಂದ ಕೂಡಲೇ ಪೆನ್ಸಿಲ್ ಅತ್ತ ಹೋಗಬೇಕೆಂದರೆ ಇತ್ತ ಹೋಗುತ್ತದೆ, ಅದೇ ಮೂಲೆಯಲ್ಲಿ ಹತ್ತು ಸಲ ಗೀಚಿ ಗೀಚಿ ಕಾಗದ ಕಪ್ಪಾಗುತ್ತದೆ. ಪಕ್ಕದಲ್ಲಿ ಕುಳಿತ ಜೊತೆಗಾರ್ತಿ ಸ್ಟಾಪ್‌ವಾಚ್ ಹಿಡಿದು ಹಿಡಿದ ಸಮಯವನ್ನೂ, ಪೆನ್ಸಿಲ್ ಗೆರೆ ದಾಟಿದ ಸಂಖ್ಯೆಯನ್ನೂ ಬರೆದುಕೊಳ್ಳುತ್ತಾಳೆ. ಐದನೆಯ ಸಲಕ್ಕೆ ಕೈ ಪಳಗುತ್ತದೆ, ಹತ್ತನೆಯ ಸಲಕ್ಕೆ ತಪ್ಪುಗಳು ಬೆರಳೆಣಿಕೆಗೆ ಇಳಿದಿರುತ್ತವೆ. ಬಲಗೈಯಲ್ಲಿ ಅಭ್ಯಾಸ ಮುಗಿದ ಮೇಲೆ ಎಡಗೈಗೆ ಪೆನ್ಸಿಲ್ ಕೊಟ್ಟರೆ, ಅಭ್ಯಾಸವನ್ನೇ ಮಾಡದ ಎಡಗೈ ಕೂಡ ಮೊದಲಿಗಿಂತ ಚೆನ್ನಾಗಿ ತಿದ್ದುತ್ತದೆ. ಕಲಿತದ್ದು ಕೈಯೋ ಮಿದುಳೋ ಎಂಬ ಪ್ರಶ್ನೆ ಅಲ್ಲಿ ಕುಳಿತವರಿಗೆ ಯಾರೂ ಹೇಳಿಕೊಡದೆ ಹುಟ್ಟುತ್ತದೆ.

ಇದೇ ಕನ್ನಡಿಯ ಪ್ರಯೋಗಕ್ಕೆ ಒಂದು ದೊಡ್ಡ ಕಥೆಯಿದೆ. 1953ರಲ್ಲಿ ಮೂರ್ಛೆರೋಗಕ್ಕಾಗಿ ನಡೆದ ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ, ಎಚ್.ಎಂ. ಎಂಬ ಮೊದಲಕ್ಷರಗಳಿಂದ ಶಾಸ್ತ್ರದಲ್ಲಿ ಪ್ರಸಿದ್ಧನಾದ ರೋಗಿಗೆ ಹೊಸ ನೆನಪುಗಳನ್ನು ಉಳಿಸಿಕೊಳ್ಳುವ ಶಕ್ತಿಯೇ ಹೋಯಿತು. ಕೆನಡಾದ ಬ್ರೆಂಡಾ ಮಿಲ್ನರ್ ಅವನಿಂದ ದಿನದಿಂದ ದಿನಕ್ಕೆ ಕನ್ನಡಿಯ ನಕ್ಷತ್ರವನ್ನು ತಿದ್ದಿಸಿದರು. ಹಿಂದಿನ ದಿನ ಇದನ್ನು ಮಾಡಿದ್ದೇ ಅವನಿಗೆ ನೆನಪಿರುತ್ತಿರಲಿಲ್ಲ, ಆದರೂ ತಪ್ಪುಗಳು ಕಡಿಮೆಯಾಗುತ್ತ ಹೋದವು. ನೆನಪೆಂಬುದು ಒಂದೇ ಉಗ್ರಾಣವಲ್ಲ, ಕೈಗೆ ಬಂದ ಕೌಶಲ ಬೇರೆ ಕಡೆ ಉಳಿಯುತ್ತದೆ ಎಂದು ಇದರಿಂದ ತಿಳಿಯಿತು. ನೀವು ರೆಕಾರ್ಡ್ ಬುಕ್‌ನಲ್ಲಿ ಬೇಸರದಿಂದ ಗೆರೆ ಎಳೆಯುವ ಪ್ರಯೋಗ ಅಂಥದ್ದು. ಹಿಂದಿನ ವರ್ಷದವರ ಪುಸ್ತಕ ನೋಡಿ ಅಂಕಿಗಳನ್ನು ನಕಲು ಮಾಡಿದರೆ ಅಂಕವೇನೋ ಸಿಗಬಹುದು, ಆದರೆ ಈ ವಿದ್ಯೆಯಲ್ಲಿ ನಿಮಗೆ ಸಿಗಬೇಕಾದದ್ದು ಕೈತಪ್ಪಿಹೋಗುತ್ತದೆ.

ಲೆಕ್ಕಕ್ಕೆ ಹೆದರಿ ಆರ್ಟ್ಸ್ ತಗೊಂಡೆ ಮೇಡಂ. ಸ್ಟ್ಯಾಟಿಸ್ಟಿಕ್ಸ್ ಇದೆ ಅಂತಾರಲ್ಲ?

ಇದೆ. ಸರಾಸರಿ, ಮಾನಕ ವಿಚಲನೆ, ಎರಡು ಸಂಗತಿಗಳು ಜೊತೆಯಾಗಿ ಏರಿಳಿಯುತ್ತವೆಯೇ ಎಂದು ನೋಡುವ ಸಹಸಂಬಂಧ, ಎರಡು ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ ಇಷ್ಟಕ್ಕೆ ಹತ್ತನೆಯ ತರಗತಿಯ ಲೆಕ್ಕ ಧಾರಾಳವಾಗಿ ಸಾಕು. ಕಷ್ಟವಾಗುವುದು ಕೂಡುವುದು, ಗುಣಿಸುವುದರಲ್ಲಲ್ಲ. ಆ ಅಂಕಿ ಏನು ಹೇಳುತ್ತಿದೆ ಎಂದು ತಿಳಿಯುವುದರಲ್ಲಿ. ಎರಡು ತರಗತಿಗಳ ಸರಾಸರಿ ಅಂಕ 50 ಎಂದಿಟ್ಟುಕೊಳ್ಳಿ. ಒಂದರಲ್ಲಿ ಎಲ್ಲರೂ 45ರಿಂದ 55ರ ಒಳಗಿದ್ದಾರೆ, ಇನ್ನೊಂದರಲ್ಲಿ ಕೆಲವರು 10, ಕೆಲವರು 90. ಸರಾಸರಿ ಒಂದೇ ಆದರೂ ಎರಡಕ್ಕೂ ಒಂದೇ ಪಾಠ ಮಾಡಲಾಗುವುದಿಲ್ಲ; ಆ ಹರವನ್ನು ತೋರಿಸುವುದೇ ಮಾನಕ ವಿಚಲನೆ. ಹಾಗೆಯೇ ಮನೋವೈದ್ಯರು ಹೆಚ್ಚಿರುವ ಊರಿನಲ್ಲಿ ಖಿನ್ನತೆಯ ಪ್ರಕರಣಗಳು ಹೆಚ್ಚು ದಾಖಲಾದರೆ ವೈದ್ಯರಿಂದ ಖಿನ್ನತೆ ಬಂತೆಂದು ಹೇಳಲಾದೀತೇ? ಗುರುತಿಸುವವರು ಇದ್ದುದರಿಂದ ಲೆಕ್ಕಕ್ಕೆ ಸಿಕ್ಕಿತು, ಅಷ್ಟೇ. ಎರಡು ಸಂಗತಿಗಳು ಜೊತೆಯಾಗಿ ಏರಿದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು ಎಂಬ ಈ ಎಚ್ಚರ ಬಂದವರು ವಾಟ್ಸ್ಆ್ಯಪ್‌ನಲ್ಲಿ ಬರುವ ಆರೋಗ್ಯದ ಸಂದೇಶಗಳನ್ನು ಓದುವ ರೀತಿಯೇ ಬದಲಾಗುತ್ತದೆ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಪುಸ್ತಕ ತಲೆಗೆ ಹತ್ತುತ್ತಾ?

ಮೊದಲ ವರ್ಷ ಕಷ್ಟವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಎರಡು ಅಂಕಣ ಮಾಡಿ ಒಂದರಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದ, ಇನ್ನೊಂದರಲ್ಲಿ ನಿಮ್ಮ ಮನೆಮಾತಿನ ಒಂದು ಉದಾಹರಣೆ ಬರೆದುಕೊಳ್ಳುತ್ತ ಹೋಗಿ. ಒಂದು ಸೆಮಿಸ್ಟರ್ ಕಳೆಯುವಷ್ಟರಲ್ಲಿ ಪುಸ್ತಕ ಮೊದಲಿನಷ್ಟು ದೂರ ನಿಲ್ಲುವುದಿಲ್ಲ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಎಷ್ಟೋ ಕಡೆ ಅವಕಾಶವಿದೆ, ಸೇರುವಾಗಲೇ ಕೇಳಿ ತಿಳಿದುಕೊಳ್ಳಿ.

ಆದರೆ ಈ ಪ್ರಶ್ನೆಯಲ್ಲಿ ಒಂದು ಕೀಳರಿಮೆ ಇಣುಕುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಜಿಲ್ಲಾಸ್ಪತ್ರೆಗೆ ಬರುವ ಅಜ್ಜಿ ತನಗೆ ಖಿನ್ನತೆ ಇದೆ ಎಂದು ಹೇಳುವುದಿಲ್ಲ. "ಯಾವುದರಲ್ಲೂ ಮನಸ್ಸಿಲ್ಲ ಕಣಮ್ಮ, ಎದೆ ಢವಢವ ಅಂತದೆ, ಕೈಕಾಲು ಸೋತು ಹೋಗ್ಯವೆ, ಊಟ ಸೇರಲ್ಲ" ಎನ್ನುತ್ತಾಳೆ. ಧಾರವಾಡದ ಕಡೆಯವರಾದರೆ "ಜೀವಕ್ಕ ಸಮಾಧಾನ ಇಲ್ರಿ" ಎಂದು ಮಾತು ತೆಗೆಯುತ್ತಾರೆ. ಇದರಲ್ಲಿ ಯಾವುದು ಹೃದಯದ ತೊಂದರೆ, ಯಾವುದು ಮನಸ್ಸಿನದು, ಯಾವುದು ಸೊಸೆಯ ಮೇಲಿನ ಮುನಿಸು ಎಂದು ಬಿಡಿಸಿಕೊಳ್ಳಲು ಆ ಮಾತಿನೊಳಗೆ ಬೆಳೆದಿರಬೇಕು. 'ಬೇಜಾರು' ಎಂಬ ಒಂದೇ ಪದವನ್ನು ನೋಡಿ: ಮಾಡಲು ಕೆಲಸವಿಲ್ಲದ್ದಕ್ಕೂ ಬೇಜಾರು, ಗೆಳತಿ ಮಾತಾಡಿಸದೆ ಹೋದದ್ದಕ್ಕೂ ಬೇಜಾರು, ಅಪ್ಪ ತೀರಿಕೊಂಡದ್ದಕ್ಕೂ ಬೇಜಾರು, ಬದುಕೇ ಸಾಕೆನಿಸಿದರೂ ಬೇಜಾರು. ಪ್ರಶ್ನಾವಳಿಯಲ್ಲಿ "ಕಳೆದ ಎರಡು ವಾರಗಳಲ್ಲಿ ನಿಮಗೆ ಬೇಜಾರಾಗಿತ್ತೇ" ಎಂದು ಕೇಳಿದರೆ ಬರುವ 'ಹೌದು' ಎಂಬ ಉತ್ತರಕ್ಕೆ ಬೆಲೆಯೆಷ್ಟು? ಎಂಥ ಬೇಜಾರು, ಯಾವಾಗಿನಿಂದ, ನಿದ್ದೆ ಹೇಗಿದೆ ಎಂದು ಮುಂದಿನ ಪ್ರಶ್ನೆ ಕೇಳಬಲ್ಲವರು ನೀವು. ಆ ಸಾಮರ್ಥ್ಯ ಈ ವೃತ್ತಿಗೆ ಬೇಕೇ ಬೇಕು, ಅದು ಪುಸ್ತಕದಿಂದ ಬರುವುದಿಲ್ಲ.

ಫ್ರಾಯ್ಡ್ ಹೇಳಿದ್ದೆಲ್ಲ ಸುಳ್ಳು ಅಂತಾರೆ. ಮತ್ತೆ ಅದನ್ನು ಯಾಕೆ ಓದಬೇಕು?

ಮನೋವಿಶ್ಲೇಷಣೆ ಎಂಬ ಚಿಕಿತ್ಸಾ ಪದ್ಧತಿಯನ್ನು ಕಟ್ಟಿದ ವೈದ್ಯ ಫ್ರಾಯ್ಡ್ ಹೇಳಿದ್ದರಲ್ಲಿ ಎಲ್ಲವೂ ಸುಳ್ಳಲ್ಲ, ಎಲ್ಲವೂ ಉಳಿದೂ ಇಲ್ಲ. ಮಗುವಿನ ಲೈಂಗಿಕ ಬೆಳವಣಿಗೆಯ ಹಂತಗಳ ಕುರಿತ ಅವನ ವಾದಗಳಿಗೆ ಪ್ರಯೋಗದ ಆಧಾರ ಸಿಗಲಿಲ್ಲ. ನಮ್ಮ ಅರಿವಿಗೆ ಬಾರದ ಮಾನಸಿಕ ಕ್ರಿಯೆಗಳೂ ನಮ್ಮನ್ನು ನಡೆಸುತ್ತವೆ ಎಂಬ ಮೂಲ ವಿಚಾರ ಬೇರೆ ರೂಪದಲ್ಲಿ ಇಂದಿಗೂ ಬದುಕಿದೆ. ಭಾರತದಲ್ಲಿ 1922ರಲ್ಲಿಯೇ ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿ, ಫ್ರಾಯ್ಡ್ ಜೊತೆ ಪತ್ರವ್ಯವಹಾರ ನಡೆಸಿದ್ದರು, ಭಾರತೀಯ ರೋಗಿಗಳ ಅನುಭವ ಫ್ರಾಯ್ಡ್ ಹೇಳಿದಂತೆಯೇ ಇಲ್ಲವೆಂದು ಅವನಿಗೇ ಬರೆದಿದ್ದರು. ಗುರುವಿನ ಎದುರು ನಿಂತು ಹೀಗಲ್ಲ ಎನ್ನುವ ಆ ಧೈರ್ಯವನ್ನು ಕಲಿಯಲಾದರೂ ಆ ಅಧ್ಯಾಯವನ್ನು ಓದಬೇಕು.

ಓದುತ್ತಾ ಓದುತ್ತಾ ಪುಸ್ತಕದಲ್ಲಿರುವ ಕಾಯಿಲೆಯೆಲ್ಲ ನನಗೇ ಇದೆ ಅನ್ನಿಸುತ್ತೆ. ಏನು ಮಾಡಲಿ?

ವೈದ್ಯಕೀಯ ವಿದ್ಯಾರ್ಥಿಗಳಿಗೂ ಹೀಗಾಗುತ್ತದೆ. ಬಾಗಿಲ ಚಿಲಕವನ್ನು ಎರಡನೆಯ ಸಲ ನೋಡಿದ ಮಾತ್ರಕ್ಕೆ ಅದು ಗೀಳುರೋಗವಲ್ಲ. ಎಷ್ಟು ಕಾಲದಿಂದ ಇದೆ, ದಿನದ ಎಷ್ಟು ಹೊತ್ತನ್ನು ತಿನ್ನುತ್ತಿದೆ, ಓದು, ಊಟ, ನಿದ್ದೆ, ಸಂಬಂಧಗಳನ್ನು ಕೆಡಿಸಿದೆಯೇ ಎಂಬುದರ ಮೇಲೆ ರೋಗನಿರ್ಣಯ ನಿಂತಿರುತ್ತದೆ. ಆ ನಿರ್ಣಯವನ್ನು ತನಗೆ ತಾನೇ ಮಾಡಿಕೊಳ್ಳಬಾರದು, ಗೆಳೆಯರಿಗೂ ಮಾಡಬಾರದು.

ಕೆಲವರು ತಮ್ಮ ನೋವಿಗೆ ಉತ್ತರ ಹುಡುಕಿಕೊಂಡೇ ಈ ವಿಷಯಕ್ಕೆ ಬರುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಆದರೆ ಪಠ್ಯಕ್ರಮ ಚಿಕಿತ್ಸೆಯಲ್ಲ. ನೋವಿದ್ದರೆ ಓದಿನ ಜೊತೆಗೇ ತಜ್ಞರನ್ನು ಕಾಣಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

## ಪದವಿ ಮುಗಿದ ಮೇಲೆ

ಬಿ.ಎ. ಮುಗಿಸಿ ಸ್ವಂತ ಕೌನ್ಸೆಲಿಂಗ್ ಸೆಂಟರ್ ಶುರು ಮಾಡಬಹುದಾ?

ದಯವಿಟ್ಟು ಮಾಡಬೇಡಿ. ಪದವಿ ನಿಮಗೆ ಮನಸ್ಸಿನ ಬಗ್ಗೆ ತಿಳಿಸುತ್ತದೆ. ಸಂಕಟದಲ್ಲಿರುವ ಒಬ್ಬರ ಎದುರು ಕುಳಿತು ಏನು ಹೇಳಬೇಕು, ಏನು ಹೇಳಬಾರದು ಎಂಬುದು ಮೇಲ್ವಿಚಾರಕರ ಕೈಕೆಳಗೆ ವರ್ಷಗಟ್ಟಲೆ ಕಲಿಯುವ ಕೆಲಸ. ಬಹಳ ಹಿಂದೆ ನನ್ನ ಬಂಧುವೊಬ್ಬರ ಮಗಳನ್ನು ಒಂದು ಖಾಸಗಿ ಕೇಂದ್ರಕ್ಕೆ ಕರೆದೊಯ್ದಿದ್ದರು. ಕೆಲವೇ ವಾರಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೊಬ್ಬರು "ಧೈರ್ಯವಾಗಿರಮ್ಮ, ಎಲ್ಲ ನಿನ್ನ ಮನಸ್ಸಿನಲ್ಲೇ ಇರೋದು" ಎಂದು ಹೇಳಿ ಕಳಿಸಿದರು. ಹುಡುಗಿ ಆಮೇಲೆ ಯಾರ ಬಳಿಯೂ ಬಾಯಿಬಿಡದೆ ಒಂದು ವರ್ಷ ಕಳೆದಳು. ಸರಿಯಾದ ವೈದ್ಯರ ಬಳಿ ಹೋದ ಮೇಲೆ ಅವಳ ಥೈರಾಯ್ಡ್‌ನಲ್ಲಿ ದೋಷವಿದ್ದದ್ದು ತಿಳಿಯಿತು. ಥೈರಾಯ್ಡ್ ಕೊರತೆ ಖಿನ್ನತೆಯಂತೆಯೇ ಕಾಣಬಹುದೆಂಬುದನ್ನು ತರಬೇತಿ ಪಡೆದ ಯಾರೂ ಮರೆಯುವುದಿಲ್ಲ. ಪದವಿಯ ನಂತರ ಕನಿಷ್ಠ ಸ್ನಾತಕೋತ್ತರ ಪದವಿ ಮತ್ತು ಮೇಲ್ವಿಚಾರಣೆಯ ತರಬೇತಿ ಇಲ್ಲದೆ ಇನ್ನೊಬ್ಬರ ನೋವಿಗೆ ಕೈಹಾಕಬಾರದು.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಒಟ್ಟು ಎಷ್ಟು ವರ್ಷ ಹಿಡಿಯುತ್ತದೆ?

ಇಷ್ಟು ಕಾಲ ನಡೆದುಬಂದ ದಾರಿಯಲ್ಲಿ ಏಳು ವರ್ಷ: ಪದವಿ ಮೂರು, ಎಂ.ಎ. ಅಥವಾ ಎಂ.ಎಸ್ಸಿ. ಎರಡು, ಆಸ್ಪತ್ರೆಯಲ್ಲಿದ್ದು ಮಾಡುವ ಪೂರ್ಣಾವಧಿಯ ಎಂ.ಫಿಲ್. ಎರಡು. ಬಳಿಕ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಈ ಹೆಸರಿಗೆ ಅರ್ಹತೆಯೇನೆಂಬುದನ್ನು ಸ್ಪಷ್ಟಪಡಿಸಿದೆ.

ಈ ದಾರಿ ಈಗ ಬದಲಾಗುತ್ತಿದೆ. ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಅನ್ನು ಕೈಬಿಟ್ಟಿತು. ಚಿಕಿತ್ಸಾ ಮನಃಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗಳಿಗೆ ವಿನಾಯಿತಿ ಕೊಟ್ಟು 2025-26ರವರೆಗೆ ಪ್ರವೇಶ ಕೊಡಬಹುದೆಂದು ಯುಜಿಸಿ 2024ರ ಜನವರಿಯಲ್ಲಿ ಹೇಳಿತು. ಇತ್ತ ಆರ್‌ಸಿಐ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಮತ್ತು ಎರಡು ವರ್ಷದ ಎಂ.ಎ. ಎಂಬ ಹೊಸ ಚಿಕಿತ್ಸಾ ಮನಃಶಾಸ್ತ್ರ ಕೋರ್ಸುಗಳನ್ನು ರೂಪಿಸಿದೆ. ನೀವು ಪದವಿ ಮುಗಿಸುವ ಹೊತ್ತಿಗೆ ಯಾವ ನಿಯಮ ಇರುತ್ತದೋ ಅದೇ ನಿಮಗೆ ಅನ್ವಯಿಸುತ್ತದೆ. ಹಾಗಾಗಿ ಸೀನಿಯರ್‌ಗಳ ಮಾತನ್ನಷ್ಟೇ ನೆಚ್ಚದೆ, ಸೇರುವ ಸಂಸ್ಥೆಯ ಹೆಸರು ಆ ಕೋರ್ಸಿಗೆ, ಆ ವರ್ಷಕ್ಕೆ ಆರ್‌ಸಿಐನ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿ.

ನಿಮ್ಹಾನ್ಸ್‌ನಲ್ಲೇ ಓದಬೇಕು ಅಂತ ಆಸೆ. ಡಿಗ್ರಿಗೆ ಅಲ್ಲಿ ಸೇರಬಹುದಾ?

ಬಿ.ಎ. ಮನಃಶಾಸ್ತ್ರ ಅಲ್ಲಿಲ್ಲ, ಮನಃಶಾಸ್ತ್ರದವರು ಸ್ನಾತಕೋತ್ತರ ಪದವಿ ಮುಗಿಸಿ ಪ್ರವೇಶ ಪರೀಕ್ಷೆ ಬರೆದು ಅಲ್ಲಿಗೆ ಹೋಗುವುದು ರೂಢಿ. ಸೀಟುಗಳು ಬಹಳ ಕಡಿಮೆ, ಪೈಪೋಟಿ ಇಡೀ ದೇಶದ್ದು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ದೇಶದಲ್ಲಿ ಚಿಕಿತ್ಸಾ ಮನಃಶಾಸ್ತ್ರದ ತರಬೇತಿ ವ್ಯವಸ್ಥಿತವಾಗಿ ಬೇರೂರಿದ್ದು ಇಲ್ಲಿಯೇ. ಆದರೆ ಅದೊಂದನ್ನೇ ಗುರಿಯಾಗಿಟ್ಟುಕೊಂಡು ಸಿಗದಿದ್ದರೆ ಕುಸಿಯುವವರನ್ನು ಕಂಡಿದ್ದೇನೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿಯೂ ಈ ತರಬೇತಿ ನಡೆದಿದೆ, ಅಲ್ಲಿನ ಹೊರರೋಗಿ ವಿಭಾಗದಲ್ಲಿ ಉತ್ತರ ಕರ್ನಾಟಕದ ಬದುಕೇ ಬಂದು ಎದುರು ಕೂರುತ್ತದೆ.

ನಾನು ಒಬ್ಬ ತಂದೆಯಾಗಿ ಕೇಳುತ್ತಿದ್ದೇನೆ. ಇದನ್ನು ಓದಿ ಮಗಳು ತನ್ನ ಕಾಲ ಮೇಲೆ ನಿಲ್ಲುತ್ತಾಳಾ?

ನಿಲ್ಲುತ್ತಾಳೆ, ಆದರೆ ಬರೀ ಬಿ.ಎ.ಯಿಂದ ಅಲ್ಲ. ಪದವಿಯಷ್ಟೇ ಇದ್ದರೆ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗ, ಸ್ವಯಂಸೇವಾ ಸಂಸ್ಥೆಗಳು, ವಿಶೇಷ ಅಗತ್ಯದ ಮಕ್ಕಳ ಶಾಲೆಗಳ ಸಹಾಯಕ ಹುದ್ದೆಗಳು ಸಿಗಬಹುದು, ಆರಂಭದ ಸಂಬಳ ಸಾಧಾರಣ. ಬಿ.ಇಡಿ., ಎಂ.ಎಸ್.ಡಬ್ಲ್ಯು., ಎಂ.ಬಿ.ಎ. ಕಡೆಗೂ ಹೊರಳಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಮನಃಶಾಸ್ತ್ರ ಐಚ್ಛಿಕ ವಿಷಯವಾಗಿ ಇದೆ. ಎಂ.ಎ. ಆದ ಮೇಲೆ ಶಾಲಾ ಆಪ್ತಸಮಾಲೋಚಕಿ, ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜು ಅಧ್ಯಾಪಕಿ.

ಅಗತ್ಯ ಎಷ್ಟಿದೆ ಎಂಬುದನ್ನೂ ನೋಡಿ. ನಿಮ್ಹಾನ್ಸ್ ಮುಂದಾಳ್ತನದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇದ್ದದ್ದು ಕಂಡುಬಂತು. ತೊಂದರೆಯ ಬಗೆಯನ್ನು ಅನುಸರಿಸಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ 70ರಿಂದ 92. ನಿಮ್ಮ ಮಗಳಂಥವರಿಗಾಗಿ ತಾಲ್ಲೂಕು ತಾಲ್ಲೂಕುಗಳಲ್ಲಿ ಜನ ಕಾಯುತ್ತಿದ್ದಾರೆ. ಐದರಿಂದ ಏಳು ವರ್ಷ ಅವಳನ್ನು ಓದಿಸಲು ನಿಮ್ಮಿಂದಾಗುತ್ತದೆಯೇ, ನಡುವೆ ಮದುವೆಯ ಮಾತೆತ್ತಿ ಓದು ನಿಲ್ಲಿಸದೆ ಇರಲು ಆಗುತ್ತದೆಯೇ ಎಂಬುದನ್ನು ಮನೆಯಲ್ಲಿ ಕುಳಿತು ಮೊದಲೇ ಮಾತಾಡಿಕೊಳ್ಳಿ.

## ಇನ್ನಷ್ಟು ಆಳಕ್ಕೆ

ಪುಸ್ತಕದ ಪ್ರಯೋಗಗಳೆಲ್ಲ ಅಮೆರಿಕದವು. ನಮ್ಮ ಜನಕ್ಕೆ ಅವು ಹೊಂದುತ್ತವಾ?

ಎರಡನೆಯ ವರ್ಷದಲ್ಲಿ ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಬಹಳ ಸಂತೋಷವಾಗುತ್ತದೆ. 2010ರಲ್ಲಿ ಜೋಸೆಫ್ ಹೆನ್ರಿಚ್ ಮತ್ತು ಸಂಗಡಿಗರು ಇದನ್ನೇ ಕೇಳಿದರು: ಪಾಶ್ಚಾತ್ಯ, ಶಿಕ್ಷಿತ, ಔದ್ಯೋಗಿಕ, ಶ್ರೀಮಂತ ಸಮಾಜಗಳ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಮನುಷ್ಯಕುಲವೇ ಹೀಗೆ ಎನ್ನಬಹುದೇ? ಎರಡು ಗೆರೆಗಳ ತುದಿಗೆ ಬಾಣದ ಗುರುತು ಹಾಕಿ ಉದ್ದ ಹೋಲಿಸುವ ಮುಲ್ಲರ್-ಲಾಯರ್ ಭ್ರಮೆ ಕೂಡ ಎಲ್ಲ ಸಮಾಜಗಳಲ್ಲಿ ಒಂದೇ ಪ್ರಮಾಣದಲ್ಲಿ ಕಾಣಿಸುವುದಿಲ್ಲ.

ಈ ಎಚ್ಚರ ನಮ್ಮವರಿಗೆ ಹೊಸದಲ್ಲ. ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಪ್ರಶ್ನೆಗಳನ್ನು ಅನುವಾದಿಸಿದರೆ ಆ ಕೆಲಸ ಮುಗಿಯುವುದಿಲ್ಲ. ಮಗು ಕಂಡೇ ಇರದ ವಸ್ತುವಿನ ಬಗ್ಗೆ ಕೇಳಿದರೆ ಅಳತೆಗೆ ಸಿಗುವುದು ಅದರ ಬುದ್ಧಿಯಲ್ಲ, ಅದರ ಮನೆಯ ಸ್ಥಿತಿ. ಆದ್ದರಿಂದ ಯಾವ ಪರೀಕ್ಷೆಯನ್ನು ಕೈಗೆತ್ತಿಕೊಂಡರೂ ಇದರ ಮಾನಕಗಳು ಯಾವ ಜನರ ಮೇಲೆ, ಯಾವ ವರ್ಷ ಸಿದ್ಧವಾದವು ಎಂದು ಮೊದಲು ಕೈಪಿಡಿ ತೆರೆದು ನೋಡಬೇಕು.

ಮನಃಶಾಸ್ತ್ರದ ಎಷ್ಟೋ ಸಂಶೋಧನೆಗಳು ಮತ್ತೆ ಮಾಡಿದಾಗ ಸರಿಬರಲಿಲ್ಲವಂತೆ. ಹಾಗಾದರೆ ನಾವು ಓದುತ್ತಿರುವುದು ಏನು?

ಸರಿಬರದೆ ಹೋದದ್ದು ನಿಜ. ಮನಃಶಾಸ್ತ್ರದ 100 ಅಧ್ಯಯನಗಳನ್ನು ನೂರಾರು ಸಂಶೋಧಕರು ಸೇರಿ ಮರಳಿ ನಡೆಸಿ 2015ರಲ್ಲಿ ಪ್ರಕಟಿಸಿದಾಗ, ಸುಮಾರು ಶೇ 36ರಲ್ಲಿ ಮಾತ್ರ ಗಮನಾರ್ಹ ಫಲಿತಾಂಶ ಮತ್ತೆ ಸಿಕ್ಕಿತು. ಚಿಕ್ಕ ಮಾದರಿ, ಬೇಕಾದ ಉತ್ತರ ಬರುವವರೆಗೆ ಲೆಕ್ಕವನ್ನು ತಿರುಗಿಸುವುದು, ಗೆದ್ದ ಪ್ರಯೋಗಗಳನ್ನಷ್ಟೇ ಅಚ್ಚು ಹಾಕುವ ಪತ್ರಿಕೆಗಳು ಇದಕ್ಕೆ ಕಾರಣ. ಈಗ ಏನನ್ನು ಹೇಗೆ ಅಳೆಯುತ್ತೇವೆಂದು ಪ್ರಯೋಗಕ್ಕೆ ಮೊದಲೇ ದಾಖಲಿಸುವ ಪದ್ಧತಿ ಬಂದಿದೆ. ತನ್ನ ತಪ್ಪನ್ನು ತಾನೇ ಎಣಿಸಿ ಜಗತ್ತಿನ ಮುಂದಿಟ್ಟ ಶಾಸ್ತ್ರದ ಮೇಲೆ ನನಗೆ ನಂಬಿಕೆ ಹೆಚ್ಚಿದೆ. ಸ್ಮೃತಿ, ಗ್ರಹಿಕೆಯ ಹಳೆಯ ಪ್ರಯೋಗಗಳಲ್ಲಿ ಬಹಳಷ್ಟು ಗಟ್ಟಿಯಾಗಿ ನಿಂತಿವೆ. ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳಿಸುವ 1935ರ ಸ್ಟ್ರೂಪ್ ಪ್ರಯೋಗವನ್ನು ನೀವೇ ಕನ್ನಡ ಅಕ್ಷರಗಳಲ್ಲಿ ಮಾಡಿ ನೋಡಿ, 'ಹಸಿರು' ಎಂದು ಕೆಂಪು ಶಾಯಿಯಲ್ಲಿ ಬರೆದರೆ ನಿಮ್ಮ ನಾಲಿಗೆಯೂ ತಡವರಿಸುತ್ತದೆ.

ಮೈಸೂರಿಗೂ ಮನಃಶಾಸ್ತ್ರಕ್ಕೂ ಹಳೆಯ ನಂಟಿದೆಯಂತೆ, ನಿಜವಾ?

ನಿಜ. ಭಾರತದಲ್ಲಿ ಮನಃಶಾಸ್ತ್ರದ ಮೊದಲ ವಿಭಾಗ ಕಲ್ಕತ್ತೆಯದು, 1916ರಲ್ಲಿ ಆರಂಭವಾಯಿತು. ಅಲ್ಲಿಗೆ ಬಹಳ ಮೊದಲೇ ಪ್ರಾಯೋಗಿಕ ಮನಃಶಾಸ್ತ್ರದ ಪಠ್ಯಕ್ರಮ ಸಿದ್ಧಪಡಿಸಿದ್ದ ಬ್ರಜೇಂದ್ರನಾಥ ಶೀಲ್ ಅವರೇ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿ, 1924ರಲ್ಲಿ, ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಮೈಸೂರಿನ ಮನಃಶಾಸ್ತ್ರ ವಿಭಾಗ ತೆರೆಯಿತು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದ, 'ಆಕಾಶವಾಣಿ'ಯ ಹೆಸರಿನೊಂದಿಗೆ ನೆನೆಯುವ ಗೋಪಾಲಸ್ವಾಮಿಯವರೂ ಇವರೇ. ಪ್ರಯೋಗಾಲಯದ ಉಪಕರಣಗಳನ್ನು ಕೈಯಾರೆ ಹೊಂದಿಸುವವರ ಕೈಗೆ ರೇಡಿಯೊ ಒಗ್ಗಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಯಾವ ವಿಷಯ ತಗೊಳ್ಳಲಿ?

ನೀವು ಕೈಯಿಟ್ಟು ಅಳೆಯಬಲ್ಲ ಸಣ್ಣ ವಿಷಯ ತೆಗೆದುಕೊಳ್ಳಿ. 'ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪರಿಣಾಮ' ಎಂಬ ಶೀರ್ಷಿಕೆಯನ್ನು ನಾನು ಪ್ರತಿ ವರ್ಷ ಹಿಂದಿರುಗಿಸುತ್ತೇನೆ. ಅದರಲ್ಲಿ ಯಾರು, ಎಷ್ಟು, ಏನನ್ನು ಎಂಬ ಯಾವುದಕ್ಕೂ ಉತ್ತರವಿಲ್ಲ. ಒಬ್ಬ ಹುಡುಗ ಹಾಸ್ಟೆಲಿನ ಮೂವತ್ತು ಮಂದಿಗೆ ಇಪ್ಪತ್ತು ಪದಗಳ ಎರಡು ಪಟ್ಟಿ ಕೊಟ್ಟ. ಒಂದರಲ್ಲಿ ಅವರ ಊರಿನ ಅಡುಗೆಮನೆಯ ಪದಗಳು: ಒರಳು, ಮೊರ, ಸೌಟು, ಗಡಿಗೆ. ಇನ್ನೊಂದರಲ್ಲಿ ಅಷ್ಟೇ ಉದ್ದದ ಗ್ರಾಂಥಿಕ ಪದಗಳು. ಅರ್ಧ ಮಂದಿಗೆ ಮೊದಲು ಒಂದನ್ನು, ಉಳಿದವರಿಗೆ ಮೊದಲು ಇನ್ನೊಂದನ್ನು ಓದಿಸಿ, ಅರ್ಧ ಗಂಟೆಯ ಮೇಲೆ ಯಾವುದರಲ್ಲಿ ಎಷ್ಟು ನೆನಪಿದೆ ಎಂದು ಬರೆಸಿಕೊಂಡ. ಮೊದಲೇ ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಪಡೆದಿದ್ದ, ಯಾವಾಗ ಬೇಕಾದರೂ ಎದ್ದು ಹೋಗಬಹುದೆಂದು ಹೇಳಿದ್ದ, ಹೆಸರಿನ ಬದಲು ಸಂಖ್ಯೆ ಬಳಸಿದ್ದ. ಇಬ್ಬರು ನಡುವೆಯೇ ಎದ್ದು ಹೋದದ್ದನ್ನೂ ವರದಿಯಲ್ಲಿ ಬಚ್ಚಿಡದೆ ಬರೆದ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅವನಿಗೆ ಕೇಳಿದ ಮೊದಲ ಪ್ರಶ್ನೆ ಆ ಇಬ್ಬರ ಬಗ್ಗೆಯೇ ಆಗಿತ್ತು, ಅವನ ಬಳಿ ಉತ್ತರವಿತ್ತು.